ಅತಿಥಿಗಳನ್ನು ಎಲ್ಲಿ ಇಳಿಸೋಣ? ಹುಬ್ಬಳ್ಳಿ-ಧಾರವಾಡದಲ್ಲಿ ಬುಟಿಕ್ ಹೋಟೆಲು, ಹಳೇ ಮನೆ, ಲಾಡ್ಜು

ಬೆಂಗಳೂರಿನಿಂದ ಬಂದ ಗೆಳತಿಯೊಬ್ಬಳು ಹುಬ್ಬಳ್ಳಿ ಸ್ಟೇಷನ್ ಹೊರಗೆ ಆಟೋದವನಿಗೆ ‘ಯಾವುದಾದರೂ ಒಳ್ಳೆ ಬುಟಿಕ್ ಹೋಟೆಲಿಗೆ ನಡೀರಿ’ ಅಂದಳಂತೆ. ಆತ ಹೊರಳಿ ನೋಡಿ, ‘ಬ್ಲೌಸ್ ಹೊಲಸೂದೈತೇನ್ರಿ ಅಕ್ಕಾರ, ನಾಷ್ಟಾ ಮಾಡೂದೈತ್ರಿ? ಒಂದ್ ಹೇಳ್ರಿ’ ಅಂದ. ಅವನದೇನೂ ತಪ್ಪಿಲ್ಲ. ನಮ್ಮಲ್ಲಿ ಬುಟಿಕ್ ಅಂದರೆ ಕೊಪ್ಪಿಕರ ರೋಡಿನಲ್ಲೋ ವಿದ್ಯಾನಗರದಲ್ಲೋ ಕುಪ್ಪಸಕ್ಕೆ ಆರಿ ವರ್ಕ್ ಮಾಡಿಕೊಡುವ ಅಂಗಡಿ. ಹೋಟೆಲ್ ಅಂದರೆ ಚಹಾ, ಇಡ್ಲಿ. ಮಲಗಲಿಕ್ಕೆ ಇರುವುದು ಲಾಡ್ಜು.

ನಾಟಕ, ಬೈಠಕ್, ಚಿತ್ರಕಲಾ ಶಿಬಿರ ಅಂತ ಹೊರಗಿನಿಂದ ಬರುವವರಿಗೆ ರೂಮು ಹಿಡಿಯುವ ಕೆಲಸ ಬಹಳ ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಸಂಘಟಕರಲ್ಲಿ ಹಾರ ತರುವವರು, ಮೈಕ್ ನೋಡುವವರು ಅಂತ ಇರುತ್ತಾರಲ್ಲ, ಹಾಗೆ ನಾನು ರೂಮಿನವನು. ಮೊದಲು ಬಂದವರು ‘ಬಿಸಿನೀರು ಬಂದರೆ ಸಾಕು’ ಅನ್ನುತ್ತಿದ್ದರು. ಈಗ ಬರುವ ಡಿಸೈನರುಗಳು, ಸಾಕ್ಷ್ಯಚಿತ್ರದವರು, ಪಾಡ್‌ಕಾಸ್ಟ್ ಮಾಡುವವರು ಫೋನಿನಲ್ಲಿ ಮೊದಲು ಕೇಳುವುದೇ ‘ಅಲ್ಲಿ ಸ್ವಲ್ಪ ಕ್ಯಾರೆಕ್ಟರ್ ಇರೋ ಜಾಗ ಇದೆಯಾ?’ ಅಂತ. ಇದೆ. ಆದರೆ ಎಲ್ಲರಿಗೂ ಒಂದೇ ಜಾಗ ಒಗ್ಗುವುದಿಲ್ಲ ಅನ್ನುವುದನ್ನು ಬೈಸಿಕೊಂಡು ಕಲಿತಿದ್ದೇನೆ.

ಬುಟಿಕ್ ಹೋಟೆಲ್ ಅನ್ನುವ ಮಾತು ಹುಟ್ಟಿದ ಊರುಗಳು ಬೇರೆ. ಲಂಡನ್ನಿನಲ್ಲಿ 1978ರಲ್ಲಿ ಅನೂಷ್ಕಾ ಹೆಂಪೆಲ್ ತೆರೆದ ಬ್ಲೇಕ್ಸ್, ನ್ಯೂಯಾರ್ಕಿನಲ್ಲಿ 1984ರಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರೂಬೆಲ್ ತೆರೆದ ಮಾರ್ಗನ್ಸ್, ಇವೆರಡನ್ನು ಮೂಲ ಅಂತ ಎಣಿಸುತ್ತಾರೆ. ನೂರಾರು ಕೋಣೆಗಳ, ಎಲ್ಲ ಊರಿನಲ್ಲೂ ಒಂದೇ ಥರ ಕಾಣುವ ಸರಪಳಿ ಹೋಟೆಲುಗಳಿಗೆ ಬೇಸತ್ತವರಿಗಾಗಿ ಕಡಿಮೆ ಕೋಣೆ, ಒಬ್ಬರ ಅಭಿರುಚಿ, ಊರಿನ ವಾಸನೆ. 1999ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಏಸ್ ಹೋಟೆಲ್ ಇದನ್ನು ಇನ್ನೊಂದು ದಾರಿಗೆ ಹಚ್ಚಿತು. ಅದು ಬಡವರಿಗೆ ಆಸರೆಯಾಗಿದ್ದ ಹಳೇ ಕಟ್ಟಡ. ಕೆಲವು ಕೋಣೆಗಳಿಗೆ ಬಚ್ಚಲು ಕೂಡ ಹಂಚಿಕೆಯದೇ. ಆದರೂ ಸಂಗೀತದವರು, ಚಿತ್ರದವರು ಮುಗಿಬಿದ್ದರು. ಮುಂದೆ ಅದೇ ಕಂಪನಿಯ ನ್ಯೂಯಾರ್ಕ್ ಹೋಟೆಲಿನ ಲಾಬಿಯಲ್ಲಿ ಉದ್ದನೆಯ ಮೇಜು ಹಾಕಿ, ಯಾರು ಬೇಕಾದರೂ ಬಂದು ಲ್ಯಾಪ್‌ಟಾಪ್ ತೆಗೆದು ಕೂಡಬಹುದು ಅಂದರು. ರೂಮು ಹಿಡಿಯದವರೂ ಸಹ.

ಇದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ಪಡಸಾಲಿಯೇ ಅಲ್ಲವೇ? ಧಾರವಾಡದ ಹಳೇ ಮನೆಗಳಲ್ಲಿ ಕಟ್ಟೆ, ಅದರ ಹಿಂದೆ ಪಡಸಾಲಿ, ಬಂದವರು ಕೂತು ಎದ್ದು ಹೋಗುವ ಜಾಗ. ಸುಭಾಸ ರೋಡಿನಲ್ಲಿ ಮೆಟ್ಟಿಲು ಹತ್ತಿ ಹೋದರೆ ಸಿಗುವ ಮನೋಹರ ಗ್ರಂಥಮಾಲೆಯ ‘ಅಟ್ಟ’ವೂ ಹಂಗೇ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ ಅದು. ಕುರ್ತಕೋಟಿ, ಕಾರ್ನಾಡರಂಥವರು ಹತ್ತಿ ಇಳಿದ ಮೆಟ್ಟಿಲು ಅವು. ಅಲ್ಲಿಗೆ ಯಾರೂ ಇಂಟೀರಿಯರ್ ಡಿಸೈನರನ್ನು ಕರೆಸಿರಲಿಲ್ಲ.

ಹಾಗಾಗಿ ರೂಮು ನೋಡಲಿಕ್ಕೆ ಹೋದಾಗ ನಾನು ಹಾಸಿಗೆ ಒತ್ತಿ ನೋಡುವ ಮೊದಲು ರಿಸೆಪ್ಷನ್ನಿನಲ್ಲಿ ಒಂದು ಮಾತು ಕೇಳುತ್ತೇನೆ: ‘ಸಂಜಿ ಮುಂದ ನಾಲ್ಕ್ ಮಂದಿ ಬರ್ತಾರ್ರಿ, ಇಲ್ಲೇ ಕುಂತು ಎರಡ್ ತಾಸು ಮಾತಾಡಬಹುದೇನ್ರಿ?’ ‘ಬರ್ರಿ, ಕುಂಡ್ರಿ’ ಅಂದರೆ ಅರ್ಧ ಕೆಲಸ ಆಯಿತು. ‘ವಿಜಿಟರ್ಸ್ ಅಲೋ ಇಲ್ಲ ಸರ್, ರೆಸ್ಟೋರೆಂಟ್‌ನಾಗ ಆರ್ಡರ್ ಮಾಡಿದ್ರ ಮಾತ್ರ’ ಅಂದರೆ ಗೋಡೆಗೆ ಎಷ್ಟು ಚಂದದ ಚಿತ್ರ ತೂಗುಹಾಕಿದ್ದರೂ ಅದು ನನ್ನ ಪಟ್ಟಿಯಲ್ಲಿ ಲಾಡ್ಜೇ.

ಹುಬ್ಬಳ್ಳಿಯ ಹೊಸ ಶೋಕಿ ಹೋಟೆಲು

ಗೋಕುಲ ರೋಡು, ವಿದ್ಯಾನಗರ, ಕೇಶ್ವಾಪುರ ಕಡೆ ಈಚೆಗೆ ಎದ್ದಿರುವವು. ಇಪ್ಪತ್ತು-ಮೂವತ್ತು ಕೋಣೆ, ಗೋಡೆಗೆ ಇಟ್ಟಂಗಿಯಂತೆ ಕಾಣುವ ಹೊದಿಕೆ, ತಂತಿಗೆ ಜೋತುಬಿದ್ದ ಹಳದಿ ಬಲ್ಬು, ಮಂಚದ ತಲೆಬದಿಗೆ ಹಂಪಿಯ ಕಲ್ಲಿನ ರಥ. ಹಂಪಿ ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಇಲ್ಲೇ ಉಣಕಲ್ಲಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ, ಅದರ ಫೋಟೋ ಹಾಕಿದ ಹೋಟೆಲು ನಾನು ನೋಡಿದ್ದು ಒಂದೇ ಒಂದು.

ಆದರೂ ಇವುಗಳ ಅನುಕೂಲ ಸಣ್ಣದಲ್ಲ. ವಿಮಾನ ನಿಲ್ದಾಣ ಗೋಕುಲ ರೋಡಿನಲ್ಲೇ ಇದೆ. ವೈಫೈ ಗಟ್ಟಿ ಇರುತ್ತದೆ, ಲಿಫ್ಟ್ ಇರುತ್ತದೆ, ಜನರೇಟರ್ ಇರುತ್ತದೆ. ಎರಡು ದಿನ ಕೆಲಸ ಮುಗಿಸಿ ಹೋಗುವ ಜಾಹೀರಾತಿನವರಿಗೆ, ಸ್ಟಾರ್ಟಪ್ ಹುಡುಗರಿಗೆ ಇದೇ ಸರಿ. ಫೋಟೋಗ್ರಾಫರಿಗೂ ಸರಿ, ಯಾಕಂದರೆ ಕ್ಯಾಮೆರಾ ಬ್ಯಾಟರಿ, ಲ್ಯಾಪ್‌ಟಾಪು, ಡ್ರೋನು ಅಂತ ಚಾರ್ಜಿಗೆ ಐದು ಪ್ಲಗ್ಗು ಬೇಕು. ಹಳೇ ಮನೆಯಲ್ಲಿ ಪ್ಲಗ್ಗು ಕಪಾಟಿನ ಹಿಂದೆ ಇರುತ್ತದೆ.

ಬರೆಯುವವರಿಗೆ ಮಾತ್ರ ಇಲ್ಲಿ ತ್ರಾಸು. ಹೊಸ ಹೋಟೆಲುಗಳಲ್ಲಿ ಟೇಬಲ್ಲನ್ನೇ ತೆಗೆದುಬಿಟ್ಟಿದ್ದಾರೆ. ಮೊಣಕಾಲೆತ್ತರದ ಒಂದು ಗುಂಡನೆಯ ಟೀಪಾಯಿ, ಅದರ ಮೇಲೆ ಪ್ಲಾಸ್ಟಿಕ್ ಗಿಡ. ಕಾದಂಬರಿಕಾರರೊಬ್ಬರು ಕರಡು ತಿದ್ದಲಿಕ್ಕೆ ಮೂರು ದಿನ ಅಂತ ಬಂದು, ಇಸ್ತ್ರಿ ಹಲಗೆಯನ್ನು ಮಂಚದ ಮುಂದೆ ನಿಲ್ಲಿಸಿಕೊಂಡು ಬರೆದರು. ಫೋನಿನಲ್ಲೇ ಕೇಳಿ: ‘ಕುರ್ಚಿ ಹಾಕಿಕೊಂಡು ಬರಿಯೋ ಟೇಬಲ್ ಐತೇನ್ರಿ?’ ಹೌದು ಅಂದರೆ ಅದರ ಫೋಟೋ ಕಳಿಸಲಿಕ್ಕೆ ಹೇಳಿ. ಹೋಟೆಲಿನವರ ಭಾಷೆಯಲ್ಲಿ ಟೀಪಾಯಿಯೂ ಟೇಬಲ್ಲೇ.

ಇನ್ನೊಂದು, ಕೆಳಗೆ ಮದುವೆ ಹಾಲ್ ಇದೆಯೇ ನೋಡಿಕೊಳ್ಳಿ. ಒಂದು ಸಲ ತಬಲಾದವರನ್ನು ಅಂಥ ಒಂದು ಹೋಟೆಲಿನಲ್ಲಿ ಇಳಿಸಿದೆ. ಹೆಸರು ಬೇಡ. ರಾತ್ರಿ ಹನ್ನೊಂದರ ತನಕ ಮದುವೆ ರಿಸೆಪ್ಷನ್ನಿನ ಡಿಜೆ, ಬೆಳಗ್ಗೆ ಐದೂವರೆಗೆ ಅಕ್ಷತೆಯ ವಾಲಗ. ಮರುದಿನ ಸಂಜೆ ವೇದಿಕೆಯ ಮೇಲೆ ಅವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಲಗ್ನಸರಾಯಿಯ ದಿನಗಳಲ್ಲಿ ‘ಬೇರೆ ಏನ್ ಫಂಕ್ಷನ್ ಐತ್ರಿ ಆವತ್ತು?’ ಅಂತ ಕೇಳದೆ ಈಗ ನಾನು ಯಾವ ರೂಮೂ ಹಿಡಿಯುವುದಿಲ್ಲ.

ಉಣಕಲ್ ಕೆರೆಯ ಸುತ್ತಿನ ದೊಡ್ಡ ಹೋಟೆಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆರೆ ಚಂದ, ಸಂಜೆ ಗಾಳಿ ಚಂದ, ಕುಟುಂಬ ಕರೆದುಕೊಂಡು ಬಂದವರಿಗೆ ಒಳ್ಳೆಯದು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ದಾರಿಯಲ್ಲೇ ಇರುವುದರಿಂದ ಎರಡೂ ಕಡೆ ಕೆಲಸ ಇರುವವರಿಗೆ ಅನುಕೂಲ. ಕೋಣೆ ಕೇಳುವಾಗ ‘ಕೆರಿ ಕಡೆದು’ ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಪುಣೆ-ಬೆಂಗಳೂರು (ಪಿ.ಬಿ.) ರೋಡಿನ ಲಾರಿ ಹಾರನ್ನು ಪಾಲಿಗೆ ಬರುತ್ತದೆ.

ಧಾರವಾಡದ ಹಳೇ ಮನೆ

ನನ್ನ ಒಲವು ಯಾವ ಕಡೆ ಅಂತ ಇಷ್ಟೊತ್ತಿಗೆ ಗೊತ್ತಾಗಿರಬೇಕು. ಮಾಳಮಡ್ಡಿ, ಸಪ್ತಾಪುರ, ಸಾಧನಕೇರಿ ಸುತ್ತ ಮಂಗಳೂರು ಹಂಚಿನ, ಎತ್ತರದ ಜಂತಿಯ, ಮುಂದೆ ಪಾರಿಜಾತವೋ ಮಾವೋ ಇರುವ ಮನೆಗಳು ಇನ್ನೂ ಉಳಿದಿವೆ. ಮಕ್ಕಳು ಪುಣೆ, ಬೆಂಗಳೂರು, ಅಮೆರಿಕ ಸೇರಿದ ಮೇಲೆ ಕೆಲವರು ಒಂದೆರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಫಲಕ ಇರುವುದಿಲ್ಲ. ಪರಿಚಯದ ಮೇಲೆ ಸಿಗುತ್ತವೆ, ಈಚೆಗೆ ಬುಕಿಂಗ್ ಆ್ಯಪುಗಳಲ್ಲೂ ಕೆಲವು ಕಾಣುತ್ತಿವೆ.

ಇಲ್ಲಿ ಸ್ಟೈಲು ಯಾರೂ ತಂದು ಇಟ್ಟಿದ್ದಲ್ಲ. ನೆಲಕ್ಕೆ ನವಲಗುಂದದ ಜಮಖಾನಿ, ಅದನ್ನು ಅಜ್ಜಿಯ ಕಾಲದಿಂದ ಬಿಸಿಲಿಗೆ ಹಾಕಿ ಜಾಡಿಸಿ ಹಾಸುತ್ತಾ ಬಂದಿರುತ್ತಾರೆ. ದಿಂಬಿನ ಮೇಲೆ ಕಸೂತಿ ಇದ್ದರೆ ಹೊರಳಿಸಿ ನೋಡಿ. ಗಾವಂತಿ, ಮುರ್ಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣಬೇಕು, ಗಂಟು ಸಿಗಬಾರದು. ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು ತೆಗೆಯುವ ಕೆಲಸ ಅದು. ಹಿಂಬದಿಗೆ ದಾರದ ಗೋಜಲು ಕಂಡರೆ ಮೆಷೀನಿನದು ಇರಬಹುದು. ಬೆಂಗಳೂರಿನ ಡಿಸೈನರ್ ದಂಪತಿಯನ್ನು ಮಾಳಮಡ್ಡಿಯ ಇಂಥ ಒಂದು ಮನೆಯಲ್ಲಿ ಇಟ್ಟಿದ್ದೆ. ಎರಡು ದಿನಕ್ಕೆಂದು ಬಂದವರು ಐದು ದಿನ ಇದ್ದು, ಮನೆಯ ವೈನಿಯವರ (ಅತ್ತಿಗೆಯವರ) ಹತ್ತಿರ ಕಸೂತಿಯ ಮೊದಲ ಹೊಲಿಗೆ ಕಲಿತು ಹೋದರು. ಗೋಕುಲ ರೋಡಿನ ಬುಟಿಕ್‌ನವರು ಇದನ್ನೇ ‘ಎಕ್ಸ್‌ಪೀರಿಯೆನ್ಸ್’ ಅಂತ ಬಿಲ್ಲಿಗೆ ಸೇರಿಸುತ್ತಿದ್ದರು.

ಊರೂ ಕಾಲಳತೆಯಲ್ಲಿದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಏನಾದರೊಂದು ಕಾರ್ಯಕ್ರಮ ಇರುವುದೇ ಹೆಚ್ಚು. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ, ಬಗಲಿಗೇ ಬೇಂದ್ರೆ ಭವನ, ಎದುರಿಗೆ ಕೆರೆ. ಮಲ್ಲಿಕಾರ್ಜುನ ಮನಸೂರರ ‘ಮೃತ್ಯುಂಜಯ’ ಮನೆಯೂ ಇಲ್ಲೇ. ಲೈನ್ ಬಜಾರಿನಲ್ಲಿ ಫೇಡೆ ಅಂಗಡಿ ಮುಂದಿನ ಸಾಲಿನಲ್ಲಿ ನಿಂತರೆ ಊರಿನ ಅರ್ಧ ಸುದ್ದಿ ತಿಳಿಯುತ್ತದೆ. ಮೇಲಾಗಿ ಧಾರವಾಡ ಹುಬ್ಬಳ್ಳಿಗಿಂತ ಎತ್ತರ, ಮಲೆನಾಡಿನ ಸೆರಗು, ಏಪ್ರಿಲ್‌ನಲ್ಲೂ ರಾತ್ರಿ ಫ್ಯಾನಿನಲ್ಲೇ ನಿದ್ದೆ ಬರುತ್ತದೆ.

ಈಗ ಕಷ್ಟದ ಮಾತು. ಮೊದಲನೆಯದು ನೀರು. ಅವಳಿ ನಗರದ ಬಹಳಷ್ಟು ಓಣಿಗಳಿಗೆ ನಳ ದಿನಾ ಬರುವುದಿಲ್ಲ, ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಬಂದು ಪಾಳಿಯ ಮೇಲೆ ಹಂಚಿಕೆಯಾಗಬೇಕು. ಹೋಟೆಲುಗಳು ಟ್ಯಾಂಕರ್ ತರಿಸುತ್ತವೆ. ಮನೆಯವರು ‘ನಾಳಿ ನಳಾ ಬರತೈತಿ, ಇವತ್ತ ಸ್ವಲ್ಪ ನೋಡಿ ಬಳಸ್ರಿ’ ಅನ್ನುತ್ತಾರೆ. ಆರು ಮಂದಿಯ ನಾಟಕ ತಂಡವನ್ನು ಮನೆಗೆ ಕಳಿಸುವ ಮೊದಲು ನಳ ಎಷ್ಟು ದಿನಕ್ಕೊಮ್ಮೆ, ಮಾಳಿಗೆ ಮೇಲಿನ ಸಿಂಟೆಕ್ಸ್ ಎಷ್ಟು ದೊಡ್ಡದು ಅಂತ ಕೇಳಲೇಬೇಕು. ಮೇಕಪ್ ತೆಗೆಯಲಿಕ್ಕೇ ಒಬ್ಬೊಬ್ಬರಿಗೂ ಒಂದು ಬಕೆಟ್ ಬೇಕು.

ಎರಡನೆಯದು ಹೊತ್ತು. ನಾಟಕ ಮುಗಿದು, ಸೆಟ್ಟು ಕಟ್ಟಿಟ್ಟು, ಊಟ ಮಾಡಿ ಬರುವಾಗ ಹನ್ನೆರಡು. ಮನೆಯ ಹಿರಿಯರು ಹತ್ತಕ್ಕೆ ಮಲಗುವವರು. ಗೇಟಿನ ಕೀಲಿ ಮೊದಲೇ ಕೈಗೆ ಬರದಿದ್ದರೆ ಆ ಮನೆ ನಟರಿಗೆ ಬೇಡ. ಹಲವು ಮನೆಗಳಲ್ಲಿ ಮಾಂಸ, ಮದ್ಯ ನಡೆಯುವುದಿಲ್ಲ. ಇದನ್ನು ಮೊದಲ ಫೋನಿನಲ್ಲೇ ಬಿಡಿಸಿ ಹೇಳಿಬಿಡಿ. ಸಾವಜಿ ಖಾನಾವಳಿಯ ಮಟನ್ ಪಾರ್ಸಲ್ ಹಿಡಿದುಕೊಂಡು ತುಳಸಿಕಟ್ಟೆ ಮುಂದೆ ನಿಂತ ಅತಿಥಿಯ ಮುಖವನ್ನೂ, ಒಳಗಿನ ಅಜ್ಜಿಯ ಮುಖವನ್ನೂ ಏಕಕಾಲಕ್ಕೆ ನೋಡಬೇಕಾಗಿ ಬಂದವನು ನಾನು.

ವಿದೇಶದಿಂದ ಬಂದವರಿದ್ದರೆ ಇನ್ನೊಂದು ತೊಡಕು. ಅವರನ್ನು ಇಟ್ಟುಕೊಂಡವರು ಯಾರೇ ಆಗಲಿ, 24 ತಾಸಿನೊಳಗೆ ಅವರ ವಿವರದ ಫಾರ್ಮನ್ನು (2025ರ ತನಕ ಫಾರ್ಮ್ ಸಿ, ಈಗ ಫಾರ್ಮ್ III) ಆನ್‌ಲೈನಿನಲ್ಲಿ ತುಂಬಬೇಕು. ದೊಡ್ಡ ಹೋಟೆಲುಗಳಿಗೆ ಇದು ಕೈಗೆ ಬಂದ ಕೆಲಸ. ಮನೆಯವರು ಈ ಹೆಸರನ್ನೇ ಕೇಳಿರುವುದಿಲ್ಲ, ಆದ್ದರಿಂದ ನಾನು ಅಂಥವರನ್ನು ಹೋಟೆಲಿಗೇ ಕಳಿಸುತ್ತೇನೆ.

ಲಾಡ್ಜಿಗೆ ಇನ್ನೂ ಕೆಲಸವಿದೆ

ಬೆಂಗಳೂರಿನ ರಾತ್ರಿ ರೈಲುಗಳು ಹುಬ್ಬಳ್ಳಿಗೆ ಬಂದು ಮುಟ್ಟುವುದು ಬೆಳಗಿನ ಜಾವದಲ್ಲಿ. 1507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮು ನಮ್ಮದು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಚೀಲ ಹೊತ್ತು ಅದರ ತುದಿಯಿಂದ ನಡೆದವರಿಗೆ ಮಾತ್ರ ಆ ಹೆಮ್ಮೆ ಅರ್ಧ. ನಡೆದು ಹೊರಗೆ ಬಂದರೆ ಶೋಕಿ ಹೋಟೆಲಿನಲ್ಲಿ ಚೆಕ್-ಇನ್ ಹನ್ನೆರಡಕ್ಕೆ! ‘ರೂಮ್ ರೆಡಿ ಇಲ್ಲ ಸರ್’ ಅಂತ ಲಾಬಿಯ ಸೋಫಾದಲ್ಲಿ ಆರು ತಾಸು ಕೂರಿಸುತ್ತಾರೆ, ಇಲ್ಲವೇ ಅರ್ಧ ದಿನದ ಬಾಡಿಗೆ ಕೇಳುತ್ತಾರೆ. ಸ್ಟೇಷನ್ ರೋಡಿನ ಹಳೇ ಲಾಡ್ಜುಗಳು ಹಲವು ಇನ್ನೂ 24 ತಾಸಿನ ಲೆಕ್ಕದವು. ಬೆಳಗ್ಗೆ ಆರಕ್ಕೆ ಬಂದರೆ ಮರುದಿನ ಆರರ ತನಕ ನಿಮ್ಮದು. ಒಂದೇ ದಿನದ ಕೆಲಸಕ್ಕೆ ಬಂದ ಒಬ್ಬಂಟಿಗೆ ಇದಕ್ಕಿಂತ ಅಗ್ಗದ, ಸರಳದ ದಾರಿ ಇಲ್ಲ. ಹಾಸಿಗೆಯ ಚಾದರ ಕಣ್ಣೆದುರಿಗೇ ಬದಲಾಯಿಸಲಿಕ್ಕೆ ಹೇಳಿ, ಅಷ್ಟೇ. ಹಗಲು ಹೊತ್ತಿನ ವಂದೇ ಭಾರತ್ ಹಿಡಿದು ಬರುವವರಿಗೆ ಈ ತಲೆಬಿಸಿಯೇ ಇಲ್ಲ, ಅವರು ಮಧ್ಯಾಹ್ನದ ಚೆಕ್-ಇನ್ ಹೊತ್ತಿಗೇ ಬಂದು ಮುಟ್ಟುತ್ತಾರೆ.

ವಿಶ್ವವಿದ್ಯಾಲಯಗಳ ಅತಿಥಿಗೃಹದಲ್ಲಿ ರೂಮು ಸಿಕ್ಕರೆ ಬಿಡಬೇಡಿ. ಮರ, ನವಿಲಿನ ಕೂಗು, ನಿಜವಾದ ಟೇಬಲ್ಲು. ಆದರೆ ಪತ್ರ ಬೇಕು, ಸಹಿ ಬೇಕು, ಆ ಸಹಿ ಮಾಡುವವರು ರಜೆಯಲ್ಲಿ ಇರಬಾರದು.

ರಾತ್ರಿಯಿಡೀ ಹಾಡು ಕೇಳಿ ಬಂದವರಿಗೆ

ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಕುಂದಗೋಳ ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಗದಗ ಸೀಮೆಯ ಭೀಮಸೇನ ಜೋಶಿಯವರೂ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ ಅವರ ಶಿಷ್ಯರು. ಅಲ್ಲಿನ ನಾಡಗೀರರ ವಾಡೆಯಲ್ಲಿ ಅವರ ನೆನಪಿನ ಸಂಗೀತ ಕೂತರೆ ಬೆಳಗಿನ ಭೈರವಿಗೇ ಏಳುವುದು. ಇದಕ್ಕೆ ಬರುವವರಿಗೆ ಬೇಕಾದ ರೂಮಿನ ಗುಣವೇ ಬೇರೆ. ಅವರು ರಾತ್ರಿ ರೂಮಿನಲ್ಲಿ ಇರುವುದೇ ಇಲ್ಲ. ಬೆಳಗ್ಗೆ ಏಳಕ್ಕೆ ಬಂದು ಮಧ್ಯಾಹ್ನದ ತನಕ ಮಲಗಬೇಕು. ಹಾಗಾಗಿ ದಪ್ಪನೆಯ ಪರದೆ ಬೇಕು, ಪೂರ್ವದ ಕಿಟಕಿ ಬೇಡ, ಹತ್ತು ಗಂಟೆಗೆ ‘ರೂಮ್ ಕ್ಲೀನಿಂಗ್ ಸರ್’ ಅಂತ ಬಾಗಿಲು ಬಡಿಯುವ ಹುಡುಗ ಬೇಡ. ಇದರಲ್ಲಿ ಶೋಕಿ ಹೋಟೆಲಿಗೇ ಹೆಚ್ಚು ಅಂಕ. ಹಳೇ ಮನೆಯಲ್ಲಿ ಎಂಟಕ್ಕೆ ಒಗ್ಗರಣೆ ಅವಲಕ್ಕಿ ತಯಾರಾಗಿ, ತಿನ್ನದೆ ಮಲಗಿದರೆ ವೈನಿಯವರಿಗೆ ಬೇಜಾರು.

ಹಾಡುವವರದು, ನುಡಿಸುವವರದು ಮತ್ತೊಂದು ಕಥೆ. ಅವರು ಬಂದ ಕೂಡಲೇ ಎ.ಸಿ. ಆರಿಸುತ್ತಾರೆ. ತಂಪು ಕೋಣೆಯಲ್ಲಿ ಶ್ರುತಿ ಮಾಡಿದ ತಂಬೂರಿ ಹೊರಗಿನ ಸೆಕೆಗೆ ಇಳಿದುಹೋಗುತ್ತದೆ, ಗಂಟಲೂ ಹಿಡಿಯುತ್ತದೆ. ಎ.ಸಿ. ಆರಿಸಿದ ಮೇಲೆ ಕಿಟಕಿ ತೆರೆಯಬೇಕಲ್ಲ? ಹೊಸ ಕಟ್ಟಡಗಳಲ್ಲಿ ಗಾಜು ಅಂಟಿಸಿಬಿಟ್ಟಿರುತ್ತಾರೆ. ‘ಕಿಟಕಿ ತೆಗಿತಾವೇನ್ರಿ?’ ಅನ್ನುವುದು ಮೂರ್ಖ ಪ್ರಶ್ನೆಯಂತೆ ಕೇಳಿಸಬಹುದು, ಕೇಳಿ. ಬೆಳಗ್ಗೆ ಐದಕ್ಕೆ ರಿಯಾಜ್ ಮಾಡುವವರಿದ್ದರೆ ಮೂಲೆಯ ಕೋಣೆ ಹಿಡಿಯಿರಿ. ಪಕ್ಕದ ಕೋಣೆಯ ಔಷಧ ಕಂಪನಿಯ ರೆಪ್ರೆಸೆಂಟೇಟಿವ್‌ಗೆ ಷಡ್ಜದ ಮೇಲೆ ಅಷ್ಟು ಪ್ರೀತಿ ಇರಲಿಕ್ಕಿಲ್ಲ. ಧಾರವಾಡದ ಹಳೇ ಮನೆಗಳಲ್ಲಿ ಈ ಚಿಂತೆ ಇಲ್ಲ. ಅಲ್ಲಿ ಒಳಗಿನಿಂದ ಚಹಾ ಬರುತ್ತದೆ, ಜೊತೆಗೆ ‘ಇದು ಲಲತ ಏನ್ರಿ?’ ಅನ್ನುವ ಪ್ರಶ್ನೆಯೂ.

ಗದಗ, ಹಾವೇರಿ ಕಡೆ ಹೊರಟವರು

ಲಕ್ಕುಂಡಿಯ ಗುಡಿಗಳ ಫೋಟೋ ತೆಗೆಯುವವರು ಹುಬ್ಬಳ್ಳಿಯ ಬುಟಿಕ್‌ನಲ್ಲಿ ಉಳಿದು ಬೆಳಗ್ಗೆ ಹೊರಡುತ್ತೇನೆ ಅಂದರೆ ನಾನು ತಡೆಯುತ್ತೇನೆ. ಕಾಶಿವಿಶ್ವೇಶ್ವರದ ಬಾಗಿಲ ಕೆತ್ತನೆಗೆ ಇಳಿಜಾರು ಬಿಸಿಲು ಬೀಳುವುದು ಸ್ವಲ್ಪ ಹೊತ್ತು ಮಾತ್ರ, ಹುಬ್ಬಳ್ಳಿಯಿಂದ ಅಲ್ಲಿಗೆ ಒಂದು ತಾಸಿಗೂ ಮೇಲಿನ ಹಾದಿ. ಗದಗದಲ್ಲೇ ಸಾಧಾರಣ ಲಾಡ್ಜು ಹಿಡಿಯಿರಿ, ಲಕ್ಕುಂಡಿ ಅಲ್ಲಿಂದ 12 ಕಿಲೋಮೀಟರ್ ಅಷ್ಟೇ. ರೂಮಿನಲ್ಲಿ ಶೋಕಿ ಇರುವುದಿಲ್ಲ. ಆದರೆ ಅಕ್ಷರ, ಕಾಗದ ಅಂದರೆ ಪ್ರಾಣ ಬಿಡುವ ಡಿಸೈನರುಗಳು ಮುದ್ರಣ ಕಾಶಿ ಅಂತಲೇ ಹೆಸರಾದ ಆ ಊರಿನಲ್ಲಿ, ಪಕ್ಕದ ಬೆಟಗೇರಿಯ ನೇಕಾರರ ಓಣಿಗಳಲ್ಲಿ ಅರ್ಧ ದಿನ ಅಡ್ಡಾಡಿದರೆ ಹೋಟೆಲಿನ ನೆನಪೇ ಬರುವುದಿಲ್ಲ. ಹಾವೇರಿ ಜಿಲ್ಲೆಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಹೆದ್ದಾರಿ ಬದಿಗೇ ಇದೆ. ಹುಬ್ಬಳ್ಳಿಯಿಂದ ಹೋಗಿ ಸಂಜೆಗೆ ಹಿಂತಿರುಗಬಹುದು, ಅದಕ್ಕೆ ಅಂತ ರೂಮು ಬದಲಿಸಬೇಡಿ.

ದುಡ್ಡು, ದಾರಿ

ಬಾಡಿಗೆ ಹೇಳಿದಾಗ ತೆರಿಗೆ ಸೇರಿಯೋ ಬಿಟ್ಟೋ ಕೇಳಿ. ಒಂದು ರಾತ್ರಿಗೆ 7,500 ರೂಪಾಯಿಯ ತನಕದ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5, ಅದಕ್ಕೂ ಮೊದಲು ಶೇ 12 ಇತ್ತು. ಆ ಮಿತಿ ದಾಟಿದರೆ ಶೇ 18. ಇಲ್ಲಿನ ಶೋಕಿ ಕೋಣೆಗಳೂ ಬಹುತೇಕ ಮಿತಿಯೊಳಗೇ ಬರುತ್ತವೆ, ಆದ್ದರಿಂದ ಯಾರಾದರೂ ಹಳೇ ಲೆಕ್ಕ ಹಾಕಿದರೆ ಬಿಲ್ಲು ತೋರಿಸಿ ಮಾತಾಡಿ. ನಾಷ್ಟಾ ಸೇರಿದೆ ಅಂದರೂ ಅದಕ್ಕೆ ಮರುಳಾಗಬೇಕಿಲ್ಲ. ಕಾರ್ನ್‌ಫ್ಲೇಕ್ಸ್ ತಿನ್ನಲಿಕ್ಕೆ ಯಾರೂ ಹುಬ್ಬಳ್ಳಿಗೆ ಬರುವುದಿಲ್ಲ. ನಾಷ್ಟಾ ಬಿಟ್ಟು ಬಾಡಿಗೆ ಎಷ್ಟು ಅಂತ ಕೇಳಿ. ಉಳಿದ ದುಡ್ಡಿಗೆ ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ಟು, ಮಿರ್ಚಿ ಹೊಟ್ಟೆ ತುಂಬ ಆಗುತ್ತದೆ.

ಹುಬ್ಬಳ್ಳಿಯಲ್ಲಿ ಉಳಿದು ಧಾರವಾಡದ ಕಾರ್ಯಕ್ರಮಕ್ಕೆ ಹೋಗುವುದಾದರೆ ಚಿಗರಿ ಬಸ್ಸಿದೆ. ಬಹುತೇಕ ತನ್ನದೇ ದಾರಿಯಲ್ಲಿ ಓಡುವುದರಿಂದ ಪಿ.ಬಿ. ರೋಡಿನ ಗದ್ದಲ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಹಿಂತಿರುಗುವ ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಹೋಗುವಾಗಲೇ ನಿಲ್ದಾಣದಲ್ಲಿ ಕೇಳಿಕೊಳ್ಳಿ. ನಮ್ಮ ಕಡೆ ನಾಟಕ ಹೇಳಿದ ಹೊತ್ತಿಗೆ ಶುರುವಾಗುವುದು ಅಪರೂಪ, ಅಧ್ಯಕ್ಷರ ಭಾಷಣ ಹೇಳಿದ ಹೊತ್ತಿಗೆ ಮುಗಿಯುವುದು ಇನ್ನೂ ಅಪರೂಪ.

ಮುಂದಿನ ತಿಂಗಳು ಮತ್ತೆ ಐವರು ಬರುತ್ತಿದ್ದಾರೆ. ಫೋಟೋಗ್ರಾಫರಿಗೆ ಮೊದಲ ರಾತ್ರಿ ಗದಗ, ಆಮೇಲೆ ಗೋಕುಲ ರೋಡು. ಜರ್ಮನಿಯಿಂದ ಬರುವ ಸಂಶೋಧಕಿಗೂ ಅದೇ ಹೋಟೆಲು. ಗಾಯಕರಿಗೆ ಮತ್ತು ಅವರ ತಂಬೂರಿಗೆ ಮಾಳಮಡ್ಡಿಯ ಮನೆ, ಕಿಟಕಿ ತೆರೆಯುತ್ತವೆ, ನಳ ಬರುವ ದಿನವನ್ನೂ ಕೇಳಿಟ್ಟಿದ್ದೇನೆ. ಇಸ್ತ್ರಿ ಹಲಗೆಯ ಕಾದಂಬರಿಕಾರರಿಗೆ ಅತಿಥಿಗೃಹದ ಪತ್ರ ಬರೆದಾಗಿದೆ, ಸಹಿ ಇನ್ನೂ ಬಂದಿಲ್ಲ. ಐದನೆಯವರು ಸಾವಜಿ ಪಾರ್ಸಲ್ಲಿನ ಅದೇ ಗೆಳೆಯರು. ಅವರಿಗೆ ಸ್ಟೇಷನ್ ರೋಡಿನ ಲಾಡ್ಜು.